ಜೀಪಿನ ಕ್ರ್ಯಾಂಕ್ ಡ್ಯಾಂಪರ್ ಬಿಚ್ಚುವಾಗ ಪುಲ್ಲರ್ ಎಲ್ಲಿಗೆ ಹಾಕಬೇಕು?

ಪ್ರಶ್ನೆ: ಹೊಸನಗರದ ಹತ್ತಿರ ನಮ್ಮ ಅಡಿಕೆ ತೋಟ. ಮನೆಯಲ್ಲಿ ಒಂದು ಹಳೇ ಡೀಸೆಲ್ ಜೀಪಿದೆ. ಎಂಜಿನ್ನಿನ ಮುಂಭಾಗದಲ್ಲಿ ಆಯಿಲ್ ಸೋರುತ್ತಿತ್ತು. ಕ್ರ್ಯಾಂಕ್ ಸೀಲು (ಕ್ರ್ಯಾಂಕ್ ಶಾಫ್ಟ್ ಹೊರಗೆ ಬರುವ ಜಾಗದಲ್ಲಿ ಆಯಿಲ್ ತಡೆಯುವ ಉಂಗುರ) ಹೋಗಿದೆ ಎಂದು ಪರಿಚಯದ ಮೆಕ್ಯಾನಿಕ್ ಒಬ್ಬರು ಹೇಳಿದರು. ಮನೆಗೇ ಬಂದು, ಮುಂದಿನ ಪುಲ್ಲಿ ಬಿಚ್ಚೋಕೆ ಮೂರು ಕಾಲಿನ ಪುಲ್ಲರ್ (ಬಿಗಿಯಾಗಿ ಕೂತ ಭಾಗವನ್ನು ಎಳೆದು ತೆಗೆಯುವ ಸಾಧನ) ಹಾಕಿದರು. ಪುಲ್ಲಿ ಬರಲಿಲ್ಲ. ಅದರ ಹೊರಗಿನ ಭಾಗ ಮಾತ್ರ ಅರ್ಧ ಸೆಂಟಿಮೀಟರ್‌ನಷ್ಟು ಮುಂದಕ್ಕೆ ಬಂತು, ಸಂದಿಯಲ್ಲಿ ರಬ್ಬರ್ ಕಾಣಿಸಿತು. ಸುತ್ತಿಗೆಯಲ್ಲಿ ತಟ್ಟಿ ಮತ್ತೆ ಒಳಗೆ ಕೂರಿಸಿದ್ದಾರೆ. ಈಗ ಜೀಪು ಓಡುತ್ತದೆ. ಆದರೆ ಬೆಲ್ಟ್ ಕಿರುಗುಟ್ಟುತ್ತದೆ, ಐಡಲಿನಲ್ಲಿ ಮೊದಲಿಗಿಂತ ಜಾಸ್ತಿ ನಡುಗುತ್ತದೆ. ಒಬ್ಬರು ಗ್ಯಾಸ್ ಹಚ್ಚಿ ಕಾಯಿಸಿದರೆ ಬಿಚ್ಚುತ್ತೆ ಅಂತಾರೆ. ಇನ್ನೊಬ್ಬರು ಅದನ್ನು ಕಿತ್ತು ಹಾಕಿ, ಲೇತಿನಲ್ಲಿ ಸಾದಾ ಪುಲ್ಲಿ ಮಾಡಿಸಿ ಅಂತಾರೆ. ನಾನೇ ಪುಲ್ಲರ್ ತಂದು ಬಿಚ್ಚಬಹುದಾ? ಅಲ್ಲಿಯವರೆಗೆ ಜೀಪಿನಲ್ಲಿ ತೀರ್ಥಹಳ್ಳಿಗೆ ಅಡಿಕೆ ಮೂಟೆ ಸಾಗಿಸಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಅದು ಕಾಯುವಂಥದ್ದಲ್ಲ. ಸಾಗಿಸಬೇಡಿ. ಜೀಪನ್ನು ಈಗ ಎಲ್ಲಿದೆಯೋ ಅಲ್ಲೇ ನಿಲ್ಲಿಸಿ. ಕಾರಣ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರ ಓದಿದಾಗ ನನಗೆ ಕಾಣಿಸಿದ್ದು ಇಷ್ಟು. ನೀವು ಪುಲ್ಲಿ ಎಂದು ಕರೆಯುತ್ತಿರುವುದು ಬರೀ ಪುಲ್ಲಿಯಲ್ಲ. ಅದು ಹಾರ್ಮೋನಿಕ್ ಬ್ಯಾಲೆನ್ಸರ್. ನಮ್ಮ ಗ್ಯಾರೇಜುಗಳಲ್ಲಿ ಡ್ಯಾಂಪರ್ ಅಂತಲೂ, ಕ್ರ್ಯಾಂಕ್ ಪುಲ್ಲಿ ಅಂತಲೂ ಕರೆಯುತ್ತಾರೆ. ಅದು ಮೂರು ಭಾಗದ ವಸ್ತು. ನಡುವೆ ಕ್ರ್ಯಾಂಕ್ ಶಾಫ್ಟಿನ, ಅಂದರೆ ಪಿಸ್ಟನ್ನುಗಳು ತಿರುಗಿಸುವ ಎಂಜಿನ್ನಿನ ಮುಖ್ಯ ದಂಡದ, ಮೂತಿಗೆ ಬಿಗಿಯಾಗಿ ಕೂತಿರುವ ಹಬ್. ಹೊರಗೆ ಬೆಲ್ಟ್ ಓಡುವ ಭಾರದ ಬಳೆ. ಎರಡರ ನಡುವೆ ಒಂದು ರಬ್ಬರ್ ಪಟ್ಟಿ. ಹಬ್ಬಿಗೂ ಬಳೆಗೂ ಇರುವ ಸಂಬಂಧ ಆ ರಬ್ಬರ್ ಒಂದೇ. ಮೂರು ಕಾಲಿನ ಪುಲ್ಲರಿನ ಕೊಕ್ಕೆಗಳು ಹೊರಗಿನ ಬಳೆಯ ಅಂಚಿಗೆ ಸಿಕ್ಕಿಕೊಂಡವು. ಹಬ್ ಶಾಫ್ಟನ್ನು ಬಿಡಲಿಲ್ಲ, ಬಳೆ ರಬ್ಬರನ್ನು ಬಿಟ್ಟಿತು. ನಿಮಗೆ ಆಗಿರುವುದು ಇದೇ.

ಆ ಮೆಕ್ಯಾನಿಕ್ ಬಗ್ಗೆ ಸಿಟ್ಟಾಗಬೇಡಿ. ಮಲೆನಾಡಿನಲ್ಲಿ ಈ ತಪ್ಪು ಆಗುವುದಕ್ಕೆ ಒಂದು ಕಾರಣ ಇದೆ. ಇಂಥ ಹಬ್ಬುಗಳಲ್ಲಿ ಸಾಮಾನ್ಯವಾಗಿ ಮೂರು ಥ್ರೆಡ್ ತೂತು ಇರುತ್ತವೆ. ಪುಲ್ಲರಿನ ಬೋಲ್ಟುಗಳನ್ನು ಹಾಕುವುದಕ್ಕೇ ಕಂಪನಿಯವರು ಕೊಟ್ಟಿರುವ ತೂತುಗಳು ಅವು. ಆದರೆ ಹಳೇ ಜೀಪಿನಲ್ಲಿ ಅವು ಕಾಣುವುದೇ ಇಲ್ಲ. ಸೋರಿದ ಆಯಿಲ್ಲು, ಅದರ ಮೇಲೆ ಕೆಂಪು ಮಣ್ಣು, ಅದರ ಮೇಲೆ ಮತ್ತೆ ಆಯಿಲ್ಲು ಕೂತು ಗಾರೆ ಮೆತ್ತಿದ ಹಾಗೆ ಮುಚ್ಚಿಹೋಗಿರುತ್ತವೆ. ನೀವು ಒಂದು ಸೈಕಲ್ ಕಡ್ಡಿ ತಗೊಂಡು ಹಬ್ಬಿನ ಮುಖದ ಮೇಲೆ, ನಡುವಿನ ದೊಡ್ಡ ಬೋಲ್ಟಿನ ಸುತ್ತ ಕೆರೆದು ನೋಡಿ. ಒಂದು ಕಡೆ ಕಡ್ಡಿ ಪುಸಕ್ಕೆಂದು ಒಳಗೆ ಹೋಗುತ್ತದೆ. ಸೀಮೆಎಣ್ಣೆ ಹಚ್ಚಿ ಕೆದಕಿದರೆ ಥ್ರೆಡ್ಡಿನ ಗೆರೆಗಳು ಒಂದೊಂದಾಗಿ ಕಾಣಿಸುತ್ತವೆ. ಎಳೆತ ಬೀಳಬೇಕಾದ ಜಾಗ ಅದು.

ಇನ್ನು ಅದು ಅಲ್ಲಿ ಯಾಕೆ ಇದೆ ಎಂಬ ಮಾತು. ಸಾದಾ ಪುಲ್ಲಿ ಹಾಕಿಸಿ ಎಂಬ ಸಲಹೆ ಸರಿಯೋ ತಪ್ಪೋ ಗೊತ್ತಾಗಬೇಕಾದರೆ ಇದು ತಿಳಿಯಬೇಕು. ನಾಲ್ಕು ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗುವಾಗ ಎರಡು ಸಲ ಸ್ಫೋಟ ಆಗುತ್ತದೆ. 750 ಆರ್‌ಪಿಎಂ ಐಡಲ್ ಅಂದರೆ ಸೆಕೆಂಡಿಗೆ 25 ಏಟು. ಪ್ರತಿ ಏಟಿಗೂ ಕ್ರ್ಯಾಂಕ್ ಶಾಫ್ಟು ಕೂದಲೆಳೆಯಷ್ಟು ತಿರುಚಿಕೊಂಡು ಮತ್ತೆ ಬಿಡಿಸಿಕೊಳ್ಳುತ್ತದೆ. ಅಡಿಕೆ ಕೊನೆ ತೆಗೆಯುವ ಉದ್ದನೆಯ ಕೋಲು, ದೋಟಿ, ನೀವು ನೋಡಿಯೇ ಇರುತ್ತೀರಿ. ಬುಡವನ್ನು ಸ್ವಲ್ಪ ಅಲುಗಿಸಿದರೆ ತುದಿ ತಡವಾಗಿ, ಆದರೆ ಜಾಸ್ತಿ ಆಡುತ್ತದೆ. ಆ ಆಟಕ್ಕೆ ತಾಳ ಹಾಕಿದ ಹಾಗೆ ಬುಡವನ್ನು ಅಲುಗಿಸುತ್ತಾ ಹೋದರೆ ದೋಟಿ ಕೈಗೆ ಸಿಗುವುದಿಲ್ಲ. ದೋಟಿ ಆಡುವುದು ಅಡ್ಡಕ್ಕೆ, ಕ್ರ್ಯಾಂಕ್ ಆಡುವುದು ತಿರುಚಿಕೊಂಡು. ಒಂದು ಗೊತ್ತಾದ ವೇಗದಲ್ಲಿ ಏಟಿನ ತಾಳವೂ ಶಾಫ್ಟಿನ ತಾಳವೂ ಕೂಡಿಬಿಟ್ಟರೆ ಉಕ್ಕು ದಣಿಯುತ್ತದೆ. ಸಣ್ಣ ಬಿರುಕು ಶುರುವಾಗಿ, ಒಂದು ದಿನ ಶಾಫ್ಟು ತುಂಡಾಗುತ್ತದೆ. ಮುಂದಿನ ಭಾರದ ಬಳೆ ರಬ್ಬರಿನ ಮೇಲೆ ಕೂತು ಆ ಆಟಕ್ಕೆ ಎದುರಾಗಿ ಜಗ್ಗುತ್ತದೆ. ಆಟದ ಶಕ್ತಿ ರಬ್ಬರಿನಲ್ಲಿ ಬಿಸಿಯಾಗಿ ಕರಗಿ ಹೋಗುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಲಾಂಚೆಸ್ಟರ್ 1910ರ ಸುಮಾರಿಗೆ ರೂಪಿಸಿದ ಡ್ಯಾಂಪರಿನ ಮೂಲ ಉಪಾಯವೂ ಇದೇ.

ಹಾಗಾದರೆ ಪಕ್ಕದ ಮನೆಯವರ ಕಾರಿಗೆ ಸಾದಾ ಪುಲ್ಲಿ ಇದೆಯಲ್ಲ, ಅದು ಚೆನ್ನಾಗಿ ಓಡುತ್ತದಲ್ಲ ಎಂದು ನೀವು ಕೇಳಬಹುದು. ನಿಜ. ಕೆಲವು ಸಣ್ಣ ಎಂಜಿನ್ನುಗಳಿಗೆ ಕಂಪನಿಯವರೇ ಡ್ಯಾಂಪರ್ ಕೊಟ್ಟಿರುವುದಿಲ್ಲ. ಅವುಗಳ ಕ್ರ್ಯಾಂಕ್ ಗಿಡ್ಡ, ಗಟ್ಟಿ, ಏಟು ಸಣ್ಣದು. ಲೆಕ್ಕ ಹಾಕಿಯೇ ಬಿಟ್ಟಿರುತ್ತಾರೆ. ಆದರೆ ಡೀಸೆಲ್ಲಿನ ಏಟು ಜೋರು. ಕಂಪನಿಯವರು ಡ್ಯಾಂಪರ್ ಕೊಟ್ಟಿರುವ ಎಂಜಿನ್ನಿಗೆ ಲೇತಿನ ಸಾದಾ ಪುಲ್ಲಿ ಹಾಕಿದರೆ ಅದು ನಾಳೆಯೇ ಮುರಿಯುವುದಿಲ್ಲ. ತಿಂಗಳುಗಟ್ಟಲೆ ಚೆನ್ನಾಗೇ ಓಡಬಹುದು. ಆಮೇಲೆ ಹಬ್ಬು ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಸಣ್ಣ ಉಕ್ಕಿನ ತುಂಡು, ಅಂದರೆ ಕೀ, ಸವೆಯುತ್ತದೆ, ಮುಂದಿನ ಬೋಲ್ಟು ಪದೇ ಪದೇ ಸಡಿಲವಾಗುತ್ತದೆ. ಕ್ರ್ಯಾಂಕ್ ತುಂಡಾದ ದಿನ ಆ ಪುಲ್ಲಿಯ ನೆನಪು ಯಾರಿಗೂ ಆಗುವುದಿಲ್ಲ. ನಾನಂತೂ ಹಾಕುವುದಿಲ್ಲ, ನಿಮಗೂ ಬೇಡ ಎನ್ನುತ್ತೇನೆ.

ಗ್ಯಾಸ್ ಹಚ್ಚಿ ಕಾಯಿಸುವ ಮಾತನ್ನು ಬಿಟ್ಟೇಬಿಡಿ. ಬೆಂಕಿ ರಬ್ಬರನ್ನು ಸುಡುತ್ತದೆ, ಹಿಂದಿರುವ ಸೀಲನ್ನು ಸುಡುತ್ತದೆ, ಸುತ್ತ ಮೆತ್ತಿರುವ ಆಯಿಲ್ಲಿಗೆ ಹತ್ತಿಕೊಳ್ಳುವ ಭಯ ಬೇರೆ.

ನಿಮ್ಮ ಡ್ಯಾಂಪರಿನ ಕತೆ ಮುಗಿದಿದೆ. ಇದನ್ನು ಹೇಳೋಕೆ ಬೇಜಾರು, ಆದರೆ ಸುತ್ತಿಗೆಯಲ್ಲಿ ತಟ್ಟಿ ಕೂರಿಸಿದ ಬಳೆಯನ್ನು ರಬ್ಬರ್ ಮತ್ತೆ ಹಿಡಿಯುವುದಿಲ್ಲ. ನಂಬಿಕೆ ಬರದಿದ್ದರೆ ಹಬ್ಬಿನಿಂದ ರಬ್ಬರಿನ ಮೇಲೆ ಹಾದು ಬಳೆಯವರೆಗೆ ಬಿಳಿ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಜೀಪು ನಿಂತಲ್ಲೇ ಎರಡು ನಿಮಿಷ ಐಡಲಿನಲ್ಲಿ ಬಿಡಿ. ಎದುರಿಗೆ ನಿಲ್ಲಬೇಡಿ. ಆಫ್ ಮಾಡಿ ನೋಡಿ. ಗೆರೆ ಮುರಿದಿದ್ದರೆ ಬಳೆ ಜಾರುತ್ತಿದೆ ಎಂದೇ ಅರ್ಥ. ತಟ್ಟಿ ಕೂರಿಸಿದರೂ ಬಳೆ ಮೊದಲಿನ ಜಾಗಕ್ಕೆ ಸರಿಯಾಗಿ ಹೋಗದೆ ಬೆಲ್ಟಿನ ಸಾಲು ತಪ್ಪಿರಬೇಕು, ಕಿರುಗುಟ್ಟುವುದು ಅದಕ್ಕೇ. ಇನ್ನೊಂದು ವಿಷಯ ಇದೆ. ಟೈಮಿಂಗ್ ಗುರುತು ಈ ಬಳೆಯ ಮೇಲೆ ಇದ್ದರೆ ಇನ್ನು ಅದನ್ನು ನಂಬುವ ಹಾಗಿಲ್ಲ. ಆ ಗುರುತು ನೋಡಿ ಯಾರಾದರೂ ಡೀಸೆಲ್ ಪಂಪಿನ ಟೈಮಿಂಗ್ (ಡೀಸೆಲ್ ಒಳಗೆ ಬಿಡುವ ಹೊತ್ತು) ಹಿಡಿದರೆ ಎಂಜಿನ್ನು ಹಾಳಾಗುತ್ತದೆ.

ಹಾಗಾಗಿ ಹೊಸ ಡ್ಯಾಂಪರ್ ಬೇಕೇ ಬೇಕು. ಹಳೆಯದನ್ನು ತೆಗೆಯಲೂ ಬೇಕು. ನೀವೇ ತೆಗೆಯಬಹುದಾ? ಜಾಕಿ ಹಾಕಿ ಚಕ್ರ ಬಿಚ್ಚಿ, ವಾಟರ್ ಪಂಪ್ ಬದಲಾಯಿಸಿ ಅಭ್ಯಾಸ ಇರುವವರಿಗೆ ಇದು ಮೀರಿದ ಕೆಲಸವಲ್ಲ. ಆದರೆ ಅವಸರ ಮಾಡಿದರೆ ಕೆಡುವ ಕೆಲಸ.

ಕೈ ಹಾಕುವ ಮೊದಲು ಆಯಿಲ್ ಸೋರುವ ಜಾಗ ಖಾತ್ರಿ ಮಾಡಿಕೊಳ್ಳಿ. ಫ್ಯಾನು ಆಯಿಲನ್ನು ಎಲ್ಲ ಕಡೆ ಹಾರಿಸುವುದರಿಂದ ಟೈಮಿಂಗ್ ಕವರಿನ ಗ್ಯಾಸ್ಕೆಟ್ ಸೋರಿದರೂ ಸೀಲು ಸೋರಿದ ಹಾಗೆ ಕಾಣುತ್ತದೆ. ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ನಿಂತಲ್ಲೇ ಸ್ವಲ್ಪ ಹೊತ್ತು ಓಡಿಸಿ, ಮೊದಲ ಹನಿ ಎಲ್ಲಿ ಮೂಡುತ್ತದೆ ನೋಡಿ. ಎಂಜಿನ್ನಿನ ಒಳಗಿನ ಗಾಳಿ ಹೊರಗೆ ಹೋಗುವ ಬ್ರೀದರ್ ಪೈಪನ್ನೂ ನೋಡಿ. ಅದು ಕಟ್ಟಿಕೊಂಡಿದ್ದರೆ ಎಂಜಿನ್ನಿನ ಒಳಗಿನ ಒತ್ತಡ ಎಷ್ಟು ಹೊಸ ಸೀಲು ಹಾಕಿದರೂ ಹೊರಗೆ ತಳ್ಳುತ್ತದೆ. ಎರಡು ಮಳೆಗಾಲದಲ್ಲಿ ಮೂರು ಸೀಲು ಹಾಕಿಸಿ ಸೋತು ಬಂದ ಗಾಡಿ ನಾನು ನೋಡಿದ್ದೇನೆ. ಬ್ರೀದರಿನೊಳಗೆ ಕಣಜ ಗೂಡು ಕಟ್ಟಿತ್ತು.

ಬ್ಯಾಟರಿಯ ನೆಗೆಟಿವ್ ತೆಗೆದಿಡಿ. ರೇಡಿಯೇಟರು, ಫ್ಯಾನು ಬಿಚ್ಚಿ ಜಾಗ ಮಾಡಿಕೊಳ್ಳಿ. ಆಮೇಲೆ ನಡುವಿನ ದೊಡ್ಡ ಬೋಲ್ಟು. ಅದನ್ನು ಬಿಡಿಸುವಾಗ ಕ್ರ್ಯಾಂಕ್ ತಿರುಗದಂತೆ ಹಿಡಿಯಬೇಕು. ಟಾಪ್ ಗೇರಿಗೆ ಹಾಕಿ, ಒಬ್ಬರು ಬ್ರೇಕ್ ಗಟ್ಟಿಯಾಗಿ ತುಳಿದು ಕೂರಲಿ. ಫಸ್ಟ್ ಗೇರ್ ಅಲ್ಲ, ಟಾಪ್ ಗೇರ್. ಟಾಪ್ ಗೇರಿನಲ್ಲೇ ಚಕ್ರದ ಹಿಡಿತ ಕ್ರ್ಯಾಂಕಿಗೆ ಹೆಚ್ಚು ಮುಟ್ಟುತ್ತದೆ. ಒಂದು ಮೀಟರ್ ಪೈಪು ಸಿಕ್ಕಿಸಿ 25 ಕೆಜಿ ಭಾರ ಹಾಕಿದರೆ ಸುಮಾರು 245 ನ್ಯೂಟನ್ ಮೀಟರ್ ತಿರುಚು ಸಿಗುತ್ತದೆ. ಹೆಚ್ಚಿನ ಬೋಲ್ಟು ಅಷ್ಟಕ್ಕೆ ಮಾತು ಕೇಳುತ್ತದೆ. ಸ್ಪ್ಯಾನರನ್ನು ಚೇಸಿಗೆ ಆನಿಸಿ ಸ್ಟಾರ್ಟರ್ ಹೊಡೆದು ಬಿಡಿಸುವ ಉಪಾಯ ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಮಾಡಬೇಡಿ. ಡೀಸೆಲ್ ಎಂಜಿನ್ನು ಸ್ಟಾರ್ಟ್ ಆಗಿಬಿಟ್ಟರೆ ಆ ಸ್ಪ್ಯಾನರ್ ಯಾರ ಕಾಲಿಗೆ ಬೀಳುತ್ತದೋ ಹೇಳೋಕಾಗಲ್ಲ.

ಬೋಲ್ಟು ಬಂದ ಮೇಲೆ ಅದರ ಹಿಂದಿನ ದಪ್ಪ ವಾಷರನ್ನು ಮರೆಯದೆ ತೆಗೆಯಿರಿ. ಕೆಲವೊಮ್ಮೆ ಅದು ತುಕ್ಕಿನಲ್ಲಿ ಹಬ್ಬಿನ ಜೊತೆ ಒಂದಾಗಿ ಕಾಣುತ್ತದೆ. ಅದನ್ನು ಬಿಟ್ಟು ಪುಲ್ಲರ್ ಹಾಕಿದರೆ ಹಬ್ಬನ್ನು ಹಬ್ಬಿನ ಮೇಲೇ ತಳ್ಳಿದ ಹಾಗೆ ಆಗುತ್ತದೆ, ಯಾವ ಕಾಲಕ್ಕೂ ಬರುವುದಿಲ್ಲ.

ಈಗ ಪುಲ್ಲರ್. ನಿಮಗೆ ಬೇಕಾದದ್ದು ಬೋಲ್ಟ್ ಪುಲ್ಲರ್. ಒಂದು ದಪ್ಪ ತಟ್ಟೆ, ಅದರಲ್ಲಿ ಮೂರು ಉದ್ದ ಸೀಳು, ನಡುವೆ ಒತ್ತುವ ಸ್ಕ್ರೂ. ಶಿವಮೊಗ್ಗದ ಟೂಲ್ ಅಂಗಡಿಗಳಲ್ಲಿ ಸ್ಟೇರಿಂಗ್ ಪುಲ್ಲರ್ ಎಂದು ಕೇಳಿದರೂ ಇದೇ ತರಹದ್ದನ್ನು ತೋರಿಸುತ್ತಾರೆ, ಆದರೆ ಗಟ್ಟಿಯದನ್ನೇ ಆರಿಸಿ. ಸಿಗದಿದ್ದರೆ ಆಟೋ ಕಾಂಪ್ಲೆಕ್ಸ್ ಕಡೆ ಯಾವುದಾದರೂ ಲೇತಿನಲ್ಲಿ 16 ಎಂಎಂ ದಪ್ಪದ ಪ್ಲೇಟಿನಲ್ಲಿ ಮಾಡಿಸಿಕೊಳ್ಳಬಹುದು. ಹಬ್ಬಿನ ತೂತುಗಳ ಅಂತರವನ್ನು ರಟ್ಟಿನ ಮೇಲೆ ಒತ್ತಿ ಅಚ್ಚು ತೆಗೆದುಕೊಂಡು ಹೋಗಿ.

ತಟ್ಟೆಗಿಂತ ಬೋಲ್ಟಿನ ಕಡೆ ಹೆಚ್ಚು ಗಮನ ಕೊಡಿ. 16 ಎಂಎಂ ಸ್ಕ್ರೂಗೆ ಒಂದು ಮೀಟರ್ ಹಿಡಿ ಹಾಕಿ 10 ಕೆಜಿ ಬಲ ಕೊಟ್ಟರೆ ಶಾಫ್ಟಿನ ಮೇಲೆ ಸುಮಾರು 3 ಟನ್ ಒತ್ತಡ ಬೀಳುತ್ತದೆ. ಅಷ್ಟೂ ಭಾರವನ್ನು ಆ ಮೂರು ಬೋಲ್ಟು ತಡೆಯಬೇಕು. ಮಾಮೂಲಿ 4.6 ಗ್ರೇಡಿನ 8 ಎಂಎಂ ಬೋಲ್ಟು ಮೂರಾದರೂ ಎರಡೂವರೆ ಟನ್ನಿನ ಹತ್ತಿರ ಹಿಗ್ಗಲು ಶುರುವಾಗುತ್ತದೆ. ಅದೇ ಅಳತೆಯ 8.8 ಗ್ರೇಡಿನ ಮೂರು ಬೋಲ್ಟು 6 ಟನ್ ದಾಟುತ್ತದೆ. ಬೋಲ್ಟಿನ ತಲೆ ಮೇಲೆ 8.8 ಎಂದು ಕೊರೆದಿರುತ್ತದೆ, ಅದನ್ನು ನೋಡಿಯೇ ಕೊಳ್ಳಿ. ಹಬ್ಬಿನೊಳಗೆ ಮುರಿದು ಉಳಿದ ಬೋಲ್ಟನ್ನು ಡ್ರಿಲ್ ಮಾಡಿ ತೆಗೆಯುವ ಸಂಕಟ ನಿಮಗೆ ಬೇಡ.

ಉದ್ದವೂ ಲೆಕ್ಕಕ್ಕೆ ಬರುತ್ತದೆ. 8 ಎಂಎಂ ಬೋಲ್ಟು ಕನಿಷ್ಠ 12 ಎಂಎಂ ಒಳಗೆ ಹೋಗಿರಬೇಕು, ಇಲ್ಲದಿದ್ದರೆ ಥ್ರೆಡ್ಡೇ ಕಿತ್ತು ಬರುತ್ತದೆ. ಹಾಗಂತ ಸಿಕ್ಕಾಪಟ್ಟೆ ಉದ್ದದ್ದನ್ನು ಪೂರ್ತಿ ತಿರುಗಿಸಿ ಇಳಿಸಬೇಡಿ. ಎಷ್ಟೋ ಹಬ್ಬುಗಳಲ್ಲಿ ಆ ತೂತು ಆಚೆಗೆ ಪಾರಾಗಿರುತ್ತದೆ. ನಾನು ಕೆಲಸ ಕಲಿಯುತ್ತಿದ್ದ ಗ್ಯಾರೇಜಿನಲ್ಲಿ ಇದೇ ತಪ್ಪು ಮಾಡಿದ್ದೆ. ಬೋಲ್ಟಿನ ತುದಿ ಹಬ್ಬನ್ನು ದಾಟಿ ಹಿಂದಿನ ಅಲ್ಯೂಮಿನಿಯಂ ಟೈಮಿಂಗ್ ಕವರಿಗೆ ಒತ್ತುತ್ತಿತ್ತು. ಟಿಕ್ ಎಂದು ಸಣ್ಣ ಶಬ್ದ ಬಂತು, ಅಷ್ಟೇ. ಡ್ಯಾಂಪರ್ ಬಂತಲ್ಲ ಎಂದು ಖುಷಿಪಟ್ಟೆ. ಕವರಿನಲ್ಲಿ ಬೆರಳುದ್ದದ ಬಿರುಕು ಕಂಡದ್ದು ಆಮೇಲೆ. ಗಾಡಿಯ ಮಾಲೀಕರು ಅದೇ ವಾರ ಮಗಳ ಮದುವೆಗೆ ಓಡಾಡಬೇಕಿತ್ತು. ಅವರು ಒಂದು ಮಾತೂ ಆಡದೆ ಬಸ್ಸಿಗೆ ಹೋದರು, ಅದು ಈಗಲೂ ನನಗೆ ನೋವು. ಅಂದಿನಿಂದ ಬೋಲ್ಟು ಹಾಕುವ ಮೊದಲು ಕಡ್ಡಿ ಇಟ್ಟು ತೂತಿನ ಆಳ ಅಳೆಯುತ್ತೇನೆ.

ಒತ್ತುವ ಸ್ಕ್ರೂ ಶಾಫ್ಟಿನ ತುದಿಗೆ ಎಲ್ಲಿ ಕೂರುತ್ತದೆ ನೋಡಿ. ಅಲ್ಲಿ ದೊಡ್ಡ ಬೋಲ್ಟಿನ ಥ್ರೆಡ್ ತೂತಿದೆ. ಸ್ಕ್ರೂವಿನ ಮೂತಿ ನೇರ ಆ ಬಾಯಿಗೆ ಹೊಕ್ಕರೆ ಮೊದಲ ನಾಲ್ಕು ಥ್ರೆಡ್ಡು ಚಪ್ಪಟೆ. ತೂತಿಗಿಂತ ಅಗಲವಾದ, ಶಾಫ್ಟಿನ ಮುಖದ ಮೇಲೆ ಸರಿಯಾಗಿ ಕೂರುವ ಉಕ್ಕಿನ ಬಿಲ್ಲೆ ಇಡಿ. ಆದರೆ ಅದು ಹಬ್ಬಿನ ತೂತಿಗಿಂತ ಸಣ್ಣದಿರಬೇಕು, ಯಾಕೆಂದರೆ ಹಬ್ ಅದನ್ನು ದಾಟಿ ಹೊರಗೆ ಬರಬೇಕಲ್ವಾ. ಕೆಲವರು ತೆಗೆದ ಬೋಲ್ಟನ್ನೇ ವಾಷರ್ ಇಲ್ಲದೆ ಎರಡು ಸುತ್ತು ವಾಪಸ್ ಹಾಕಿ ಅದರ ತಲೆಗೆ ಒತ್ತುತ್ತಾರೆ. ಆಗ 3 ಟನ್ ಭಾರವೂ ಎರಡೇ ಥ್ರೆಡ್ಡಿನ ಮೇಲೆ. ಕ್ರ್ಯಾಂಕಿನ ಥ್ರೆಡ್ ಕೆಟ್ಟರೆ ಎಂಜಿನ್ನೇ ಇಳಿಸಬೇಕಾಗುತ್ತದೆ.

ಸ್ಕ್ರೂವಿಗೆ ಗ್ರೀಸ್ ಹಚ್ಚಿ. ತಟ್ಟೆ ಹಬ್ಬಿನ ಮುಖಕ್ಕೆ ಸಮವಾಗಿ ಇರಲಿ. ಒಂದು ಬೋಲ್ಟು ಎರಡು ಸುತ್ತು ಕಡಿಮೆ ಇದ್ದರೂ ಎಳೆತ ಓರೆಯಾಗುತ್ತದೆ. ಹಿಂದಿನ ದಿನವೇ ಹಬ್ಬಿನ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಆಗುಂಬೆಯಂಥ ಕಡೆ ಸರಾಸರಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ನಿಮ್ಮ ಕಡೆಯೂ ಮಳೆಗೆ ಬರ ಇಲ್ಲ. ತುಕ್ಕು ಗಟ್ಟಿಯಾಗಿಯೇ ಇರುತ್ತದೆ. ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಬೋರ್ಡೋ ಡ್ರಮ್ಮನ್ನು ಇದೇ ಜೀಪಿನಲ್ಲಿ ಸಾಗಿಸುತ್ತೀರಾದರೆ ಇನ್ನೂ ಕಷ್ಟ. ಬೋರ್ಡೋದಲ್ಲಿರುವ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಸೀಸನ್ ಮುಗಿದ ಮೇಲೆ ಗಾಡಿಯ ಅಡಿಭಾಗವನ್ನು ನೀರಿನಲ್ಲಿ ಚೆನ್ನಾಗಿ ತೊಳೆದುಬಿಡಿ.

ಸ್ವಲ್ಪ ಬಿಗಿ ಮಾಡಿ, ನಿಲ್ಲಿಸಿ, ಒತ್ತುವ ಸ್ಕ್ರೂವಿನ ತಲೆಗೆ ಸಣ್ಣ ಸುತ್ತಿಗೆಯಲ್ಲಿ ಹಗುರವಾಗಿ ಒಂದು ತಟ್ಟು. ಮತ್ತೆ ಕಾಲು ಸುತ್ತು. ಜೋರಾಗಿ ಹೊಡೆಯಬಾರದು, ಆ ಏಟು ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗಿಗೆ ಹೋಗುತ್ತದೆ. ಒಂದು ಹಂತದಲ್ಲಿ ಟಕ್ ಎಂದು ಹಬ್ ಸಡಿಲಾಗುತ್ತದೆ. ಆ ಶಬ್ದ ಕೇಳಿದ ಮೇಲೆ ಉಳಿದದ್ದು ಸುಲಭ. ಶಾಫ್ಟಿನ ಮೇಲಿರುವ ಕೀ ಬೀಳುತ್ತದೆ, ಕೆಳಗೆ ಒಂದು ಬಟ್ಟೆ ಹಾಸಿರಿ.

ಇಷ್ಟೆಲ್ಲ ಹೇಳಿದೆನಲ್ಲ, ಒಂದು ಮಾತು ಬಿಟ್ಟಿದ್ದೆ. ಎಲ್ಲಾ ಡ್ಯಾಂಪರೂ ಹೀಗೆ ಇರುವುದಿಲ್ಲ. ಕೆಲವಕ್ಕೆ ಬಳೆಯ ಭಾಗವನ್ನು ಹಬ್ಬಿಗೆ ನಾಲ್ಕೋ ಆರೋ ಸಣ್ಣ ಬೋಲ್ಟಿನಲ್ಲಿ ಕಟ್ಟಿರುತ್ತಾರೆ. ಅದನ್ನು ಬಿಚ್ಚಿದರೆ ಮುಂಭಾಗ ಕೈಗೇ ಬರುತ್ತದೆ. ಇನ್ನು ಕೆಲವು ಹಬ್ಬಿನಲ್ಲಿ ಥ್ರೆಡ್ ತೂತು ಇರುವುದಿಲ್ಲ, ಹಿಂದೆ ಕೊಕ್ಕೆ ಹಿಡಿಯೋಕೆ ಜಾಗ ಇರುತ್ತದೆ. ಅಂಥದ್ದಕ್ಕೆ ಕಾಲಿನ ಪುಲ್ಲರ್ ಸರಿ, ಆದರೆ ಕೊಕ್ಕೆ ರಬ್ಬರಿನ ಒಳಬದಿಗೆ, ಹಬ್ಬಿಗೇ ಸಿಕ್ಕಿರಬೇಕು.

ಹೊರಗೆ ಬಂದ ಹಬ್ಬಿನ ಕೊಳವೆಯನ್ನು ಒರೆಸಿ, ಸೀಲು ಉಜ್ಜುವ ಜಾಗದ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಕಾಲುವೆ ಬಿದ್ದಿದೆ. ಸೋರಿಕೆಗೆ ಅದೂ ಕಾರಣ ಇದ್ದಿರಬಹುದು. ಡ್ಯಾಂಪರ್ ಹೊಸದು ಹಾಕುತ್ತಿರುವುದರಿಂದ ನಿಮಗೆ ಆ ಚಿಂತೆ ಇಲ್ಲ.

ಹೊಸದನ್ನು ಕೂರಿಸುವಾಗಲೇ ಹೆಚ್ಚಿನವರು ಸುತ್ತಿಗೆ ಎತ್ತುವುದು. ಬೇಡ. ಹೊಸ ರಬ್ಬರು ಮೊದಲ ದಿನವೇ ಹೋಗುತ್ತದೆ. ಕ್ರ್ಯಾಂಕಿನ ಥ್ರೆಡ್ಡಿಗೆ ಹೊಂದುವ ಉದ್ದ ಥ್ರೆಡ್ ರಾಡು, ಒಂದು ನಟ್ಟು, ದಪ್ಪ ವಾಷರು, ನಡುವೆ ಒಂದು ಥ್ರಸ್ಟ್ ಬೇರಿಂಗ್ ಇದ್ದರೆ ಸಾಕು. ರಾಡು ತನ್ನ ದಪ್ಪದ ಒಂದೂವರೆ ಪಟ್ಟಾದರೂ ಒಳಗೆ ಹೋಗಿರಲಿ. ನಟ್ಟು ತಿರುಗಿಸುತ್ತಾ ಹೋದರೆ ಹಬ್ ತಾನಾಗಿ ಏರುತ್ತದೆ. ಮೊದಲು ಹಬ್ಬನ್ನು ಬಿಸಿನೀರಿನ ಹಂಡೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಅನುಕೂಲ. 35 ಎಂಎಂ ತೂತಿನ ಹಬ್ 60 ಡಿಗ್ರಿ ಹೆಚ್ಚು ಬಿಸಿಯಾದರೆ ತೂತು ಸುಮಾರು 0.024 ಎಂಎಂ ಹಿಗ್ಗುತ್ತದೆ. ಬಿಗಿಯ ದೊಡ್ಡ ಪಾಲು ಅಷ್ಟರಲ್ಲೇ ಬಿಡುತ್ತದೆ, ರಬ್ಬರಿಗೂ ಏನೂ ಆಗುವುದಿಲ್ಲ. ಸೀಲಿನ ತುಟಿಗೆ ಆಯಿಲ್ ಸವರಿ. ಕೀ ಕೂರುವ ಸೀಳಿನಲ್ಲಿ ಚೂರೇ ಚೂರು ಸಿಲಿಕೋನ್ ಹಚ್ಚಿ, ಆ ಸಂದಿಯಲ್ಲೂ ಆಯಿಲ್ ಹೊರಗೆ ಬರುತ್ತದೆ. ಬೋಲ್ಟನ್ನು ನಿಮ್ಮ ಎಂಜಿನ್ನಿನ ಮ್ಯಾನ್ಯುಯಲ್ಲಿನಲ್ಲಿ ಹೇಳಿದ ಟಾರ್ಕಿಗೆ, ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿ. ಅದೊಂದನ್ನು ಯಾರ ಹತ್ತಿರವಾದರೂ ಕೇಳಿ ತನ್ನಿ.

ಇಷ್ಟು ಓದಿ ನಿಮಗೆ ಧೈರ್ಯ ಸಾಲದಿದ್ದರೆ, ಗ್ಯಾರೇಜಿಗೇ ಕೊಡಿ. ಅದರಲ್ಲಿ ಕಡಿಮೆಯೇನೂ ಇಲ್ಲ. ಕೊಡುವ ಮೊದಲು ಯಾವ ಪುಲ್ಲರ್ ಹಾಕುತ್ತೀರಿ, ಕೂರಿಸುವಾಗ ಏನು ಬಳಸುತ್ತೀರಿ ಎಂದು ಕೇಳಿ. ತಿಳಿದವರು ಬೇಜಾರು ಮಾಡಿಕೊಳ್ಳುವುದಿಲ್ಲ, ತೆಗೆದು ತೋರಿಸುತ್ತಾರೆ. ಜೀಪನ್ನು ಅಲ್ಲಿಗೆ ಎಳೆಸಿಕೊಂಡೇ ಹೋಗಬೇಕು.

ಯಾಕೆ ಓಡಿಸಬಾರದು ಎಂದು ಹೇಳುತ್ತೇನೆ ಅಂದಿದ್ದೆ. ಜಾರಿದ ಬಳೆ ಓಡುವಾಗ ಪೂರ್ತಿ ಕಳಚಿದರೆ ಎದುರಿಗೇ ರೇಡಿಯೇಟರ್ ಇದೆ. ಬೆಲ್ಟ್ ಹೋಗುತ್ತದೆ, ಬೆಲ್ಟಿನ ಜೊತೆ ವಾಟರ್ ಪಂಪು ನಿಲ್ಲುತ್ತದೆ. ಅದಕ್ಕಿಂತ ದೊಡ್ಡದು ಬ್ರೇಕು. ಕೆಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಕೊಡುವ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಬೆಲ್ಟ್ ಹೋದರೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಪೆಡಲು ಕಲ್ಲಾಗುತ್ತದೆ. ಹಿಂದೆ ಅಡಿಕೆ ಮೂಟೆ, ಮುಂದೆ ಇಳಿಜಾರು, ಒದ್ದೆ ರಸ್ತೆ. ಈ ವಾರದ ಮೂಟೆಗಳಿಗೆ ಬೇರೆ ಗಾಡಿ ನೋಡಿಕೊಳ್ಳಿ.

ಹೊಸ ಡ್ಯಾಂಪರ್ ತರಲು ಹೋಗುವಾಗ ಹಳೆಯದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನಡುವಿನ ತೂತು, ಬೆಲ್ಟ್ ಕೂರುವ ಕಾಲುವೆ, ಹಬ್ಬಿನ ಉದ್ದ, ಕೀ ಕೂರುವ ಸೀಳಿನಿಂದ ಟೈಮಿಂಗ್ ಗುರುತಿಗೆ ಇರುವ ಅಂತರ ಹೋಲಿಸಿ. ಗುರುತು ಹೋಲಿಸುವಾಗ ನೆನಪಿರಲಿ, ನಿಮ್ಮ ಹಳೇ ಬಳೆ ಜಾರಿದೆ, ಅದರ ಗುರುತು ತಪ್ಪಿರಬಹುದು. ಆ ಒಂದಕ್ಕೆ ಮಾತ್ರ ಪಾರ್ಟ್ ನಂಬರನ್ನೇ ನಂಬಿ.